ಉಪ್ಪಿನಕಾಯಿ ಗಿರಾಕಿಗಳಿಗೆ ಇಮೇಲ್ ಪತ್ರ ಶುರು ಮಾಡಬೇಕು, ಎಲ್ಲಿಂದ ಹಿಡಿಯಲಿ?

ಮಿಡಿಭರಣಿ (ಶಿರಸಿ ಕಡೆ):

ಎಲ್ಲರಿಗೂ ನಮಸ್ಕಾರ. ನಾನು, ನಮ್ಮ ಅತ್ತೆ, ಪಕ್ಕದ ಮನೆಯ ಇಬ್ಬರು ಸೇರಿ ಆರು ವರ್ಷದಿಂದ ಅಪ್ಪೆಮಿಡಿ (ಪರಿಮಳದ ಎಳೆ ಮಾವಿನಕಾಯಿ) ಉಪ್ಪಿನಕಾಯಿ, ಹಲಸಿನ ಹಪ್ಪಳ, ಒಣಗಿಸಿದ ಮುರುಗಲು (ಪುನರ್ಪುಳಿ) ಸಿಪ್ಪೆ ಮಾರುತ್ತಿದ್ದೇವೆ. ಅಂಗಡಿ ಅಂತ ಇಲ್ಲ. ಫೋನಿನಲ್ಲಿ, ವಾಟ್ಸಾಪ್‌ನಲ್ಲಿ ಆರ್ಡರ್ ಬರುತ್ತದೆ, ಪಾರ್ಸೆಲ್ ಕಟ್ಟಿ ಕಳಿಸುತ್ತೇವೆ. ಬೆಂಗಳೂರು, ಹುಬ್ಬಳ್ಳಿ, ಪುಣೆ ಕಡೆಯವರು ಹೆಚ್ಚು. ಹೊರದೇಶದಲ್ಲಿರುವ ಮಕ್ಕಳು ದುಡ್ಡು ಕಟ್ಟಿ "ಊರಲ್ಲಿರುವ ಅಪ್ಪ ಅಮ್ಮನಿಗೆ ಕಳಿಸಿ" ಎನ್ನುವುದೂ ಇದೆ.

ಹೋದ ವರ್ಷ ಸರಿಯಾಗಿ ಮಿಡಿ ಕಾಲದಲ್ಲೇ, ಒಂದು ಸಾಮಾಜಿಕ ಜಾಲತಾಣದಲ್ಲಿದ್ದ ನಮ್ಮ ಪುಟ ಬೆಳಗಾಗುವುದರಲ್ಲಿ ಬಂದ್ ಆಗಿತ್ತು. ಯಾಕೆ ಅಂತ ಹೇಳುವವರಿಲ್ಲ, ಯಾರನ್ನು ಕೇಳಬೇಕು ಅಂತ ಗೊತ್ತಿಲ್ಲ. ಹನ್ನೊಂದು ದಿನದ ಮೇಲೆ ತಾನಾಗಿಯೇ ತೆರೆದುಕೊಂಡಿತು. ಆ ಹನ್ನೊಂದು ದಿನ ನಾನು ಸರಿಯಾಗಿ ನಿದ್ದೆ ಮಾಡಿಲ್ಲ. ಪುಟ ನೋಡುತ್ತಿದ್ದವರು ಎರಡು ಸಾವಿರದ ಮೇಲಿದ್ದರು. ಅತ್ತೆ ಕೇಳಿದರು, "ಅಷ್ಟು ಜನ ಅಂತೀಯಲ್ಲ, ಅವರ ಹೆಸರು ವಿಳಾಸ ಎಲ್ಲಿ ಬರೆದಿಟ್ಟಿದ್ದೀ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ವಾಟ್ಸಾಪ್ ಬ್ರಾಡ್‌ಕಾಸ್ಟ್‌ಗೂ ಮಿತಿ ಇದೆ. ಒಂದು ಪಟ್ಟಿಗೆ 256 ಜನ, ಅದೂ ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಹಾಗಾಗಿ ಇಮೇಲ್‌ನಲ್ಲಿ ತಿಂಗಳಿಗೊಂದು ಪತ್ರ ಕಳಿಸುವ ಯೋಚನೆ ಬಂದಿದೆ. ನನ್ನ ಹತ್ತಿರ ಹಳೆ ಬಿಲ್‌ಗಳಿಂದ ತೆಗೆದ ಸುಮಾರು 340 ಇಮೇಲ್ ವಿಳಾಸ ಇವೆ. ಎಲ್ಲವನ್ನೂ ಬಿಸಿಸಿಯಲ್ಲಿ (ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣದ ಸಾಲು) ಹಾಕಿ ಜಿಮೇಲ್‌ನಿಂದಲೇ ಕಳಿಸಿಬಿಡಲೇ? ಅದರಲ್ಲಿ ಬರೆಯುವುದಾದರೂ ಏನು? ಅನುಭವ ಇದ್ದವರು ಹೇಳಿ.

ಕಾಫಿಪುಡಿ ಮಿಲ್ (ಚಿಕ್ಕಮಗಳೂರು):

ಮೇಡಂ, ಬಿಸಿಸಿ ಮಾತ್ರ ಬೇಡ. ಅದರ ಕಾರಣ ಇಲ್ಲಿರುವ ತಾಂತ್ರಿಕದವರು ನನಗಿಂತ ಚೆನ್ನಾಗಿ ಹೇಳುತ್ತಾರೆ. ನಾನು ಬರೆಯುವ ವಿಷಯ ಹೇಳುತ್ತೇನೆ, ನಾಲ್ಕು ವರ್ಷದಿಂದ ಕಾಫಿಪುಡಿ ಗಿರಾಕಿಗಳಿಗೆ ಪತ್ರ ಕಳಿಸುತ್ತಿದ್ದೇನೆ.

ಮೊದಲ ಆರು ತಿಂಗಳು ನಾನು ಕಳಿಸಿದ್ದು ಬರೀ ಜಾಹೀರಾತು. ಮೇಲೆ ದೊಡ್ಡ ಚಿತ್ರ, ಕೆಳಗೆ "ಶೇ. 10 ರಿಯಾಯಿತಿ", ಅದರ ಕೆಳಗೆ ನಾಲ್ಕು ಬಣ್ಣದ ಬಟನ್. ಯಾರೂ ಏನೂ ಅನ್ನಲಿಲ್ಲ. ಬೈಯಲೂ ಇಲ್ಲ, ಕೊಳ್ಳಲೂ ಇಲ್ಲ. ಆಮೇಲೆ ಒಂದು ಏಪ್ರಿಲ್‌ನಲ್ಲಿ ಹೂಮಳೆ ಬಿದ್ದ ಮಾರನೇ ವಾರ ಚಿತ್ರ ಗಿತ್ರ ಇಲ್ಲದೆ ಹದಿನೈದು ಸಾಲು ಬರೆದೆ. ರೊಬಸ್ಟಾ ಗಿಡಕ್ಕೆ ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಹೂವು ಬಿಡುತ್ತದೆ, ಬೆಟ್ಟದ ಪಕ್ಕ ಬಿಳಿ ಹಾಸು ಹಾಸಿದ ಹಾಗೆ ಕಾಣುತ್ತದೆ, ಈ ಮಳೆ ಕೈಕೊಟ್ಟರೆ ಬರುವ ವರ್ಷದ ಫಸಲೇ ಹೋಯಿತು, ಹಾಗಾಗಿ ಈಗ ನೀವು ಕುಡಿಯುತ್ತಿರುವ ಲೋಟದ ಲೆಕ್ಕ ಹೋದ ವರ್ಷದ ಮಳೆಯಲ್ಲಿ ಬರೆದಿದೆ ಅಂತ. ಕೊನೆಗೆ ಒಂದೇ ಸಾಲು: ಮಂಗಳವಾರ ಹುರಿಯುತ್ತೇವೆ, ಬೇಕಾದವರು ಸೋಮವಾರದೊಳಗೆ ಹೇಳಿ, ಚಿಕೋರಿ ಎಷ್ಟಿರಲಿ ಅಂತಲೂ ತಿಳಿಸಿ.

ಅವತ್ತು ಉತ್ತರ ಬಂದವು ನೋಡಿ. ಒಬ್ಬರು "ನಮ್ಮಜ್ಜಿ 70:30 ಹಾಕಿಸುತ್ತಿದ್ದರು, ಹಾಗೇ ಕೊಡಿ" ಅಂದರು. ಇನ್ನೊಬ್ಬರು ಬರೀ ಪೀಬೆರಿ (ಒಂಟಿ ಬೀಜದ ಕಾಫಿ) ಸಿಗುತ್ತದಾ ಅಂತ ಕೇಳಿದರು. ಮೊದಲ ಸಲ ಗಿರಾಕಿ ನನ್ನ ಹತ್ತಿರ ಮಾತಾಡಿದ್ದು ಅದು. ಅವರಲ್ಲಿ ಅರ್ಧಕ್ಕರ್ಧ ಜನ ಇವತ್ತೂ ತಿಂಗಳಿಗೊಮ್ಮೆ ತರಿಸುತ್ತಾರೆ.

ನಿಮ್ಮ ಹತ್ತಿರ ಮಿಡಿ ಇದೆ, ಹಲಸು ಇದೆ. ಕಾಲಕ್ಕೆ ತಕ್ಕ ಹಾಗೆ ಬರೆಯಲು ನನಗಿಂತ ನಿಮಗೇ ಹೆಚ್ಚು ಸಾಮಗ್ರಿ ಇದೆ. ಪ್ರತಿ ತಿಂಗಳು ಕಳಿಸಲೇಬೇಕು ಅಂತಲೂ ಹಠ ಬೇಡ. ಹೇಳುವುದಿದ್ದಾಗ ಹೇಳಿ, ಆದರೆ ಮೂರು ತಿಂಗಳಿಗಿಂತ ಹೆಚ್ಚು ಸುಮ್ಮನಿರಬೇಡಿ. ಜನ ಮರೆತುಬಿಡುತ್ತಾರೆ. ಮರೆತವರಿಗೆ ಪತ್ರ ಬಂದರೆ "ಇದ್ಯಾರು" ಅಂತ ಸ್ಪ್ಯಾಮ್, ಅಂದರೆ ಬೇಡದ ಮೇಲ್ ಅನ್ನುವ ಬಟನ್ ಒತ್ತುತ್ತಾರೆ.

ಇಳಕಲ್ ಮಗ್ಗ:

ಅಕ್ಕಾರ, ಸಿಟ್ಟಾಗಬ್ಯಾಡ್ರಿ, ಖರೇ ಹೇಳ್ತೀನಿ. ನಮ್ಮ ಕಡೆ ಮಂದಿ ಮೇಲ್ ನೋಡೂದೇ ಇಲ್ರಿ. ಸೀರಿ ಫೋಟೊ ವಾಟ್ಸಾಪ್‌ನ್ಯಾಗ ಹಾಕಿದ್ರ ಐದ್ ನಿಮಿಷದಾಗ "ಇದು ಐತೇನು, ಎಷ್ಟು" ಅಂತ ಕೇಳ್ತಾರ. ಮೇಲ್ ಕಳಿಸಿದ್ರ ಅದು ಬ್ಯಾಂಕಿನ ಮೇಲ್ ನಡುವ ಬಿದ್ದಿರ್ತದ. ಇಷ್ಟೆಲ್ಲಾ ತ್ರಾಸ ಯಾಕ ತಗೋಬೇಕು ಅಂತ ನನಗ ತಿಳೀವಲ್ದು.

ಕಾಫಿಪುಡಿ ಮಿಲ್:

ಅಣ್ಣ, ನೀವು ಹೇಳಿದ್ದು ಸುಳ್ಳಲ್ಲ. ಇವತ್ತು ಇರುವ ಸೀರೆ ಇವತ್ತೇ ಮಾರಲು ವಾಟ್ಸಾಪ್ ಸಾಕು, ನಾನೂ ಬಿಟ್ಟಿಲ್ಲ. ಆದರೆ ಮೇಡಂ ಕೇಳಿದ್ದು ಆ ಹನ್ನೊಂದು ದಿನದ ಪ್ರಶ್ನೆ. ಪುಟ ಬಂದ್ ಆದರೆ, ನಂಬರ್ ಬ್ಲಾಕ್ ಆದರೆ, ಗಿರಾಕಿಯನ್ನು ಮತ್ತೆ ಹುಡುಕುವುದು ಹೇಗೆ? ಇಮೇಲ್ ಪಟ್ಟಿ ನಮ್ಮ ಕಂಪ್ಯೂಟರ್‌ನಲ್ಲಿ ಒಂದು ಫೈಲ್. ಒಂದು ಕಂಪನಿ ಕೈಬಿಟ್ಟರೆ ಇನ್ನೊಂದು ಕಡೆ ಹಾಕಿಕೊಳ್ಳಬಹುದು. ಹಳೆ ಅಂಗಡಿಗಳಲ್ಲಿ ಗಲ್ಲಾಪೆಟ್ಟಿಗೆ ಪಕ್ಕ ಉದ್ದರಿ ಪುಸ್ತಕ ಇರುತ್ತಿತ್ತಲ್ಲ, ಬೆಂಕಿ ಬಿದ್ದರೆ ಮೊದಲು ಹೊರಗೆ ತರುತ್ತಿದ್ದುದು ಅದನ್ನೇ.

ತಂತಿಕಂಬ (ಬೆಂಗಳೂರು):

ನಾನು ಮೇಲ್ ಸರ್ವರ್‌ಗಳ (ಮೇಲ್ ಕಳಿಸುವ, ಪಡೆಯುವ ಕಂಪ್ಯೂಟರ್‌ಗಳ) ಕೆಲಸದಲ್ಲೇ ಹನ್ನೆರಡು ವರ್ಷದಿಂದ ಇದ್ದೇನೆ. ಬಿಸಿಸಿ ಯಾಕೆ ಬೇಡ ಅಂತ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಯಾಕೆಂದರೆ ಇಲ್ಲಿ ತಪ್ಪಿದರೆ ಎಷ್ಟು ಚೆಂದ ಬರೆದರೂ ಪತ್ರ ತಲುಪುವುದಿಲ್ಲ.

ಉಚಿತ ಜಿಮೇಲ್ ಖಾತೆಯಿಂದ ದಿನಕ್ಕೆ 500 ಜನರಿಗೆ ಮಾತ್ರ ಕಳಿಸಬಹುದು. ನಿಮ್ಮ 340 ಅದರೊಳಗೇ ಬರುತ್ತದೆ, ನಿಜ. ಆದರೆ ಒಂದೇ ಪತ್ರ ನೂರಾರು ಜನಕ್ಕೆ ಒಟ್ಟಿಗೆ ಹೋದದ್ದನ್ನು ಎದುರಿನ ಸರ್ವರ್ ಅನುಮಾನದಿಂದ ನೋಡುತ್ತದೆ. ಬೇಡ ಎಂದವರು ಹೊರಗೆ ಹೋಗಲು ಅದರಲ್ಲಿ ದಾರಿ ಇಲ್ಲ. ಅವಸರದಲ್ಲಿ ಬಿಸಿಸಿ ಬದಲು ಸಿಸಿಯಲ್ಲಿ ಹಾಕಿಬಿಟ್ಟರಂತೂ 340 ಗಿರಾಕಿಗಳ ವಿಳಾಸ ಪರಸ್ಪರ ಎಲ್ಲರಿಗೂ ಹಂಚಿದ ಹಾಗೆ.

ಮೊದಲು ನಿಮ್ಮದೇ ಹೆಸರಿನ ಒಂದು ಡೊಮೇನ್, ಅಂದರೆ ಇಮೇಲ್ ವಿಳಾಸದಲ್ಲಿ @ ಆದ ಮೇಲೆ ಬರುವ ಹೆಸರು, ತೆಗೆದುಕೊಳ್ಳಿ. ಆಮೇಲೆ ಪತ್ರ ಕಳಿಸುವ ಒಂದು ಸೇವೆ. ಜೋಹೊ ಕ್ಯಾಂಪೇನ್ಸ್, ಮೇಲ್‌ಚಿಂಪ್, ಬ್ರೆವೊ ಹೀಗೆ ಹಲವು ಇವೆ. ಯಾವುದನ್ನೇ ಹಿಡಿಯಿರಿ, ಪಟ್ಟಿಯನ್ನು ಯಾವಾಗ ಬೇಕಾದರೂ ಫೈಲ್ ಆಗಿ ಇಳಿಸಿಕೊಳ್ಳಲು ಬಿಡುತ್ತದಾ ಅಂತ ಮೊದಲು ನೋಡಿ. ಸಬ್‌ಸ್ಟ್ಯಾಕ್ ಎಂಬ ಸೇವೆ ಬರಹಗಾರರಿಗೆ ಒಳ್ಳೆಯದು, ಚಂದಾ ಹಣದಲ್ಲಿ ಶೇ. 10 ಅವರು ಇಟ್ಟುಕೊಳ್ಳುತ್ತಾರೆ. ನೀವು ಮಾರುವುದು ಓದನ್ನಲ್ಲ, ಉಪ್ಪಿನಕಾಯಿಯನ್ನು, ಹಾಗಾಗಿ ನಿಮಗೆ ಅದು ಅಷ್ಟು ಹೊಂದುವುದಿಲ್ಲ.

ಸೇವೆ ಹಿಡಿದ ಮೇಲೆ ಡೊಮೇನ್‌ಗೆ ಮೂರು ದಾಖಲೆ ಸೇರಿಸಬೇಕು: ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್. ಹೆಸರಿಗೆ ಹೆದರಬೇಡಿ. ನಮ್ಮ ಹೆಸರಲ್ಲಿ ಟಪಾಲು ಹಾಕಲು ಯಾವ ಸರ್ವರ್‌ಗೆ ಅಧಿಕಾರ ಇದೆ ಎಂಬ ಪಟ್ಟಿ ಎಸ್‌ಪಿಎಫ್. ಲಕೋಟೆಗೆ ಒತ್ತಿದ ಅರಗಿನ ಮುದ್ರೆ ಡಿಕಿಮ್, ದಾರಿಯಲ್ಲಿ ಯಾರಾದರೂ ಒಳಗಿನ ಪತ್ರ ತಿದ್ದಿದರೆ ಮುದ್ರೆ ಹೊಂದುವುದಿಲ್ಲ. ಇವೆರಡರಲ್ಲಿ ಒಂದೂ ನಮ್ಮ ಹೆಸರಿಗೆ ತಾಳೆಯಾಗದ ಪತ್ರವನ್ನು ಏನು ಮಾಡಬೇಕು ಎಂದು ನಾವೇ ಎದುರಿನವರಿಗೆ ಕೊಡುವ ಸೂಚನೆ ಡಿಮಾರ್ಕ್. ಸೇವೆಯವರು ಕೊಡುವ ಸಾಲುಗಳನ್ನು ಡೊಮೇನ್ ಕೊಂಡ ಕಡೆ ಹಾಗೇ ಅಂಟಿಸಿದರೆ ಆಯಿತು.

ಇದು ಈಗ ಐಚ್ಛಿಕವಲ್ಲ. 2024ರ ಫೆಬ್ರುವರಿಯಿಂದ ಗೂಗಲ್, ಯಾಹೂ ಇಬ್ಬರೂ ನಿಯಮ ಬಿಗಿ ಮಾಡಿದ್ದಾರೆ. ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಕಳಿಸುವವರಿಗೆ ಮೂರೂ ಕಡ್ಡಾಯ, ಜೊತೆಗೆ ಒಂದೇ ಒತ್ತಿಗೆ ಪಟ್ಟಿಯಿಂದ ಹೊರಹೋಗುವ ಬಟನ್ ಕಡ್ಡಾಯ. ನಿಮ್ಮಂಥ ಚಿಕ್ಕವರಿಗೂ ಎಸ್‌ಪಿಎಫ್ ಅಥವಾ ಡಿಕಿಮ್ ಇರಲೇಬೇಕು. ಜಿಮೇಲ್ ವಿಳಾಸವನ್ನೇ ಕಳಿಸುವವರ ಹೆಸರಾಗಿ ಹಾಕಿ ಬೇರೆ ಸೇವೆಯಿಂದ ಕಳಿಸಿದರೆ ಅದು ನಕಲಿ ಎಂದು ಸ್ಪ್ಯಾಮ್‌ಗೆ ಬೀಳುತ್ತದೆ. ಡೊಮೇನ್ ತೆಗೆದುಕೊಳ್ಳಿ ಅಂದದ್ದು ಅದಕ್ಕೇ.

ಎಲ್ಲಕ್ಕಿಂತ ಮುಖ್ಯವಾದ ಗೆರೆ ಇನ್ನೊಂದಿದೆ. ಸ್ಪ್ಯಾಮ್ ದೂರು ಶೇ. 0.3 ಮುಟ್ಟಬಾರದು. ಲೆಕ್ಕ ಹಾಕಿ, 300 ಜನರಲ್ಲಿ ಒಬ್ಬರು ಸ್ಪ್ಯಾಮ್ ಒತ್ತಿದರೆ ಶೇ. 0.33. ಅಂದರೆ ಒಬ್ಬರೇ ಒಬ್ಬರ ಬೇಸರ ಉಳಿದ 299 ಜನರ ಪತ್ರಕ್ಕೂ ಅಡ್ಡ ಬರಬಹುದು. ಆದ್ದರಿಂದ ಕೇಳದೆ ಯಾರನ್ನೂ ಸೇರಿಸಬೇಡಿ, ಹೊರಗೆ ಹೋಗುವ ಲಿಂಕನ್ನು ಬಚ್ಚಿಡಬೇಡಿ. ಹೋಗುವವರು ಬಾಗಿಲಿನಿಂದ ಹೋಗಲಿ, ಕಿಟಕಿ ಒಡೆದು ಹೋಗುವುದು ಬೇಡ.

ಸಂತೆಬೀದಿ:

ಇಷ್ಟೆಲ್ಲಾ ಕಾಯುವುದಕ್ಕಿಂತ ಇಮೇಲ್ ವಿಳಾಸಗಳ ಪಟ್ಟಿ ಮಾರುವವರಿದ್ದಾರಲ್ಲ. ಬೆಂಗಳೂರಿನ ಐವತ್ತು ಸಾವಿರ ವಿಳಾಸ ಕಡಿಮೆ ದುಡ್ಡಿಗೆ ಸಿಗುತ್ತದೆ. ನೂರಕ್ಕೆ ಒಬ್ಬರು ಕೊಂಡರೂ ಐನೂರು ಗಿರಾಕಿ.

ತಂತಿಕಂಬ:

ದಯವಿಟ್ಟು ಆ ಕಡೆ ಹೋಗಲೇಬೇಡಿ. ಮಾರಾಟದ ಪಟ್ಟಿಗಳಲ್ಲಿ ಸತ್ತ ವಿಳಾಸಗಳು ತುಂಬಿರುತ್ತವೆ. ಸ್ಪ್ಯಾಮ್ ಕಳಿಸುವವರನ್ನು ಹಿಡಿಯಲೆಂದೇ ಇಟ್ಟ ಬಲೆಯ ವಿಳಾಸಗಳೂ ಇರುತ್ತವೆ, ಅವುಗಳ ಹಿಂದೆ ಮನುಷ್ಯರೇ ಇಲ್ಲ. ಅಂಥ ಒಂದಕ್ಕೆ ಪತ್ರ ಹೋದರೂ ಡೊಮೇನ್ ಹೆಸರು ಕೆಡುತ್ತದೆ. ಕೆಟ್ಟ ಹೆಸರು ಸರಿ ಮಾಡಲು ತಿಂಗಳುಗಟ್ಟಲೆ ಬೇಕು. ಹೆಸರುವಾಸಿ ಸೇವೆಗಳಂತೂ ಕೊಂಡ ಪಟ್ಟಿ ಎಂದು ಗೊತ್ತಾದರೆ ಖಾತೆಯನ್ನೇ ಮುಚ್ಚುತ್ತವೆ.

ಕೇಳದವರಿಗೆ ಮೇಲ್ ಕಳಿಸಿದರೆ ಜನ ರೇಗುವುದು ಇವತ್ತಿನದಲ್ಲ. 1978ರ ಮೇ ತಿಂಗಳಲ್ಲಿ ಅಮೆರಿಕದ ಡಿಇಸಿ ಎಂಬ ಕಂಪ್ಯೂಟರ್ ಕಂಪನಿಯ ಗ್ಯಾರಿ ತುರ್ಕ್ ಎಂಬವರು ಇಂಟರ್ನೆಟ್‌ಗೂ ಮುಂಚಿನ ಜಾಲವಾದ ಆರ್ಪಾನೆಟ್‌ನಲ್ಲಿದ್ದ ಸುಮಾರು 400 ಜನರಿಗೆ ತಮ್ಮ ಹೊಸ ಯಂತ್ರದ ಪ್ರದರ್ಶನಕ್ಕೆ ಬನ್ನಿ ಎಂದು ಒಂದೇ ಸಂದೇಶ ಕಳಿಸಿದರು. ಇಮೇಲ್ ಚರಿತ್ರೆಯ ಮೊದಲ ಸ್ಪ್ಯಾಮ್ ಎಂದು ಅದನ್ನೇ ಎಣಿಸುತ್ತಾರೆ. ಜಾಲ ನಡೆಸುತ್ತಿದ್ದವರಿಂದ ಆಗಲೇ ಕಟುವಾದ ಆಕ್ಷೇಪ ಬಂತು.

ಈಗ ಕಾನೂನೂ ಇದೆ. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆ ಎಂದರೆ ಮುಕ್ತವಾಗಿ, ಯಾವುದಕ್ಕೆ ಎಂದು ತಿಳಿದು, ಸ್ಪಷ್ಟವಾಗಿ ಕೊಟ್ಟದ್ದಾಗಿರಬೇಕು. ಕೊಡುವುದು ಎಷ್ಟು ಸುಲಭವೋ ಹಿಂದೆ ತೆಗೆದುಕೊಳ್ಳುವುದೂ ಅಷ್ಟೇ ಸುಲಭ ಇರಬೇಕು. ಒಪ್ಪಿಗೆ ಕೇಳುವ ಮಾತನ್ನು ಇಂಗ್ಲಿಷ್‌ನಲ್ಲಿ ಅಥವಾ ಸಂವಿಧಾನದ 8ನೇ ಪರಿಚ್ಛೇದದ ಭಾಷೆಗಳಲ್ಲಿ ಓದುವ ಅವಕಾಶ ಕೊಡಬೇಕು ಎಂದೂ ಅದರಲ್ಲಿದೆ. ಆ ಪಟ್ಟಿಯಲ್ಲಿ ಕನ್ನಡ ಇದೆ. ಹಾಗಾಗಿ ನಿಮ್ಮ ಫಾರ್ಮ್ ಕನ್ನಡದಲ್ಲೇ ಇರಲಿ ಅಂತ ನನ್ನ ಆಸೆ.

ಮಿಡಿಭರಣಿ:

ನೀವೆಲ್ಲ ಇಷ್ಟು ಸಮಯ ಕೊಟ್ಟು ಬರೆದದ್ದಕ್ಕೆ ತುಂಬಾ ಧನ್ಯವಾದ. ಆ 340 ವಿಳಾಸದವರು ಬಿಲ್‌ಗೆ ಅಂತ ಮೇಲ್ ಕೊಟ್ಟವರು, ಪತ್ರಕ್ಕೆ ಅಂತ ಅಲ್ಲ. ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಒಬ್ಬೊಬ್ಬರನ್ನೇ ವಾಟ್ಸಾಪ್‌ನಲ್ಲಿ ಕೇಳುತ್ತೇನೆ.

ಪತ್ರ ಕನ್ನಡದಲ್ಲಿ ಬರೆದರೆ ಎಲ್ಲರ ಫೋನಿನಲ್ಲೂ ಸರಿಯಾಗಿ ಕಾಣುತ್ತದಾ? ಅತ್ತೆ ಹೇಳಿದ್ದನ್ನು ನಮ್ಮವರು ಹಳೆ ಕಂಪ್ಯೂಟರ್‌ನಲ್ಲಿ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಕೊಟ್ಟಿದ್ದರು. ಅದನ್ನು ಮೇಲ್‌ಗೆ ಅಂಟಿಸಿದರೆ ಏನೇನೋ ಇಂಗ್ಲಿಷ್ ಅಕ್ಷರ, ಚಿಹ್ನೆ ಬಂದವು.

ತಂತಿಕಂಬ:

ಅದು ಯೂನಿಕೋಡ್ (ಎಲ್ಲ ಯಂತ್ರಕ್ಕೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಹಳೆಯ ನುಡಿ ಫಾಂಟ್. ಅದರಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿರುತ್ತಾರೆ, ಆ ಫಾಂಟ್ ಇಲ್ಲದ ಕಡೆ ಬಣ್ಣ ಬಯಲಾಗುತ್ತದೆ. ನುಡಿಯಲ್ಲೇ ಯೂನಿಕೋಡ್ ಆಯ್ಕೆ ಇದೆ, ಅಥವಾ ಫೋನಿನ ಕನ್ನಡ ಕೀಬೋರ್ಡ್‌ನಲ್ಲಿ ನೇರವಾಗಿ ಬರೆಯಿರಿ. ಯೂನಿಕೋಡ್ ಆದರೆ ಈಗಿನ ಎಲ್ಲ ಫೋನಿನಲ್ಲೂ ಸರಿಯಾಗಿ ಕಾಣುತ್ತದೆ.

ಕನ್ನಡ ಅಕ್ಷರ ಕೆಡುತ್ತದೆ ಅಂತ ಹೆದರಿ ಪತ್ರವನ್ನೇ ಚಿತ್ರ ಮಾಡಿ ಕಳಿಸುವವರಿದ್ದಾರೆ. ಹಾಗೆ ಮಾಡಬೇಡಿ. ಚಿತ್ರ ತೆರೆಯದ ಫೋನಿನಲ್ಲಿ ಖಾಲಿ ಚೌಕ ಕಾಣುತ್ತದೆ, ಕಣ್ಣು ಕಾಣದವರಿಗೆ ಓದಿ ಹೇಳುವ ಆ್ಯಪ್‌ಗೆ ಅದರಲ್ಲಿ ಏನೂ ಸಿಗುವುದಿಲ್ಲ, ಆರು ತಿಂಗಳ ಮೇಲೆ "ಮಿಡಿ" ಅಂತ ಹುಡುಕಿದರೆ ನಿಮ್ಮ ಪತ್ರ ಸಿಗುವುದಿಲ್ಲ.

ಇನ್ನೊಂದು ಸಂಗತಿ. ಪತ್ರದ ಗಾತ್ರ 102 ಕೆಬಿ ದಾಟಿದರೆ ಜಿಮೇಲ್ ಅದನ್ನು ಅಲ್ಲಿಗೇ ಕತ್ತರಿಸಿ "ಪೂರ್ತಿ ನೋಡಿ" ಎಂದು ಲಿಂಕ್ ಇಡುತ್ತದೆ. ಒಂದು ಕೆಬಿ ಅಂದರೆ ಸುಮಾರು ಸಾವಿರ ಬೈಟ್, ಕನ್ನಡದ ಒಂದೊಂದು ಚಿಹ್ನೆಗೆ ಮೂರು ಬೈಟ್ ಜಾಗ ಬೇಕು. "ಉಪ್ಪಿನಕಾಯಿ" ಎನ್ನುವಲ್ಲಿ ಒತ್ತು, ಗುಣಿತ ಬಿಡಿಸಿ ಎಣಿಸಿದರೆ ಹತ್ತು ಚಿಹ್ನೆ, ಅಂದರೆ 30 ಬೈಟ್. ಬರೀ ಅಕ್ಷರದ ಪತ್ರ ಬರೆದರೆ ಈ ಮಿತಿಯ ಹತ್ತಿರಕ್ಕೂ ಹೋಗುವುದಿಲ್ಲ. ಬಣ್ಣ ಬಣ್ಣದ ಟೆಂಪ್ಲೇಟ್ ಹಾಕಿದರೆ ಅದರ ಕೋಡ್‌ಗೇ ಅರ್ಧ ಜಾಗ ಹೋಗಿ ತೊಂದರೆ ಶುರು. ಕತ್ತರಿಸಿದಾಗ ಕಾಣೆಯಾಗುವುದು ಕೆಳಗಿನ ಭಾಗ, ಹೊರಗೆ ಹೋಗುವ ಲಿಂಕ್ ಇರುವುದು ಅಲ್ಲೇ.

ಲಿಫಿ ದಡದವಳು (ಡಬ್ಲಿನ್):

ನಾನು ಮಾರುವವಳಲ್ಲ, ಇಂಥ ಪತ್ರ ಓದುವವಳು. ಸಾಗರದ ಮಗಳು, ಇಲ್ಲಿಗೆ ಬಂದು ಒಂಬತ್ತು ವರ್ಷ. ಅಮ್ಮನಿಗೆ ಹಬ್ಬಕ್ಕೆ ಏನಾದರೂ ಕಳಿಸಬೇಕು ಅಂದಾಗ ಊರ ಕಡೆಯ ಮನೆ ತಿಂಡಿ ಮಾರುವವರಿಂದಲೇ ತರಿಸುತ್ತೇನೆ.

ನಾನು ತೆರೆಯುವ ಪತ್ರ ಯಾವುದು ಹೇಳಲಾ? ಕಳಿಸಿದವರ ಹೆಸರು ನೋಡಿದ ಕೂಡಲೇ ಯಾರು ಅಂತ ಗೊತ್ತಾಗಬೇಕು. "ಇನ್ಫೋ", "ಸೇಲ್ಸ್" ಅಂತ ಇದ್ದರೆ ಬೆರಳು ಅಳಿಸುವ ಕಡೆ ಹೋಗುತ್ತದೆ. "ಕೊನೆಯ ಅವಕಾಶ", "ತ್ವರೆ ಮಾಡಿ" ಅಂತ ಕೂಗಿದರೂ ಹಾಗೇ. ಹೋದ ಜುಲೈನಲ್ಲಿ ಒಬ್ಬರು "ನಾಲ್ಕು ದಿನದಿಂದ ಬಿಸಿಲಿಲ್ಲ, ಹಪ್ಪಳ ಒಲೆಯ ಮೇಲಿನ ಅಟ್ಟದಲ್ಲಿದೆ, ಪಾರ್ಸೆಲ್ ಒಂದು ವಾರ ತಡ" ಅಂತ ಬರೆದಿದ್ದರು. ಓದಿದ ಕೂಡಲೇ ನಮ್ಮನೆಯ ಅಟ್ಟದ ಹೊಗೆ ವಾಸನೆ ಮೂಗಿಗೆ ಬಂತು. ತಡ ಆದದ್ದಕ್ಕೆ ಬೇಜಾರೇ ಆಗಲಿಲ್ಲ. ಎರಡು ಕಟ್ಟು ಹೇಳಿದ್ದವಳು ನಾಲ್ಕು ಹೇಳಿದೆ.

ಒಂದು ಎಚ್ಚರಿಕೆ. ಇಲ್ಲಿ ಯುರೋಪಿನಲ್ಲಿರುವವರಿಗೆ ಮಾರುವುದಾದರೆ 2018ರ ಮೇ 25ರಿಂದ ಜಾರಿಯಲ್ಲಿರುವ ಜಿಡಿಪಿಆರ್ ಎಂಬ ದತ್ತಾಂಶ ರಕ್ಷಣೆಯ ಕಾನೂನು ನೆನಪಿರಲಿ. ಫಾರ್ಮ್‌ನಲ್ಲಿ ಮೊದಲೇ ಟಿಕ್ ಹಾಕಿಟ್ಟ ಚೌಕ ಒಪ್ಪಿಗೆ ಆಗುವುದಿಲ್ಲ ಎಂದು ಯುರೋಪ್ ಒಕ್ಕೂಟದ ನ್ಯಾಯಾಲಯ 2019ರಲ್ಲಿ ತೀರ್ಪು ಕೊಟ್ಟಿದೆ. ಚೌಕ ಖಾಲಿ ಇಡಿ, ಬೇಕಾದವರು ತಾವೇ ಟಿಕ್ ಹಾಕಲಿ.

ತಂತಿಕಂಬ:

ಸರಿಯಾಗಿ ಹೇಳಿದಿರಿ. ಅಮೆರಿಕದ ಗಿರಾಕಿಗಳಿದ್ದರೆ ಅಲ್ಲಿನ 2003ರ ಕ್ಯಾನ್-ಸ್ಪ್ಯಾಮ್ ಕಾಯ್ದೆ ಪ್ರಕಾರ ಪತ್ರದ ಕೆಳಗೆ ನಿಮ್ಮ ಅಂಚೆ ವಿಳಾಸ ಇರಬೇಕು, ಬೇಡ ಎಂದವರನ್ನು ಹತ್ತು ಕೆಲಸದ ದಿನದೊಳಗೆ ತೆಗೆಯಬೇಕು. ಹಳ್ಳಿ, ತಾಲ್ಲೂಕು, ಪಿನ್ ಕೋಡ್ ಇದ್ದರೆ ನಂಬಿಕೆಯೂ ಬರುತ್ತದೆ.

ಹೆಸರು ಸೇರಿಸುವಾಗ ಎರಡು ಹಂತ ಇಡಿ. ಫಾರ್ಮ್ ತುಂಬಿದವರಿಗೆ ಒಂದು ಮೇಲ್ ಹೋಗಲಿ, ಅದರಲ್ಲಿನ ಲಿಂಕ್ ಒತ್ತಿದವರು ಮಾತ್ರ ಪಟ್ಟಿಗೆ ಸೇರಲಿ. ಕೆಲವರು ಒತ್ತುವುದಿಲ್ಲ, ಪಟ್ಟಿ ಚಿಕ್ಕದಾಗುತ್ತದೆ. ಆಗಲಿ. ತಪ್ಪು ಸ್ಪೆಲಿಂಗ್‌ನ ವಿಳಾಸ, ಬೇರೆಯವರ ವಿಳಾಸ ಎರಡೂ ಅಲ್ಲೇ ಜರಡಿಯಾಗುತ್ತವೆ.

ಮಿಡಿಭರಣಿ:

ಮೂರು ವಾರ ಆಯಿತು. ಡೊಮೇನ್ ತೆಗೆದುಕೊಂಡೆ. ಆ ಮೂರು ದಾಖಲೆಗಳಲ್ಲಿ ಡಿಕಿಮ್ ಮೊದಲ ಸಲ ಸರಿಯಾಗಲಿಲ್ಲ, ಸಾಲಿನ ಕೊನೆಯಲ್ಲಿ ಒಂದು ಖಾಲಿ ಜಾಗ ಸೇರಿಕೊಂಡಿತ್ತು. ತಂತಿಕಂಬದವರು ಖಾಸಗಿಯಾಗಿ ಸಂದೇಶ ಕಳಿಸಿ ತಿದ್ದಿಸಿದರು. ಅವರ ಉಪಕಾರ ದೊಡ್ಡದು.

340 ಜನರನ್ನೂ ಕೇಳಿದೆ. 131 ಜನ ಹೂಂ ಅಂದರು, ಅದರಲ್ಲಿ ಲಿಂಕ್ ಒತ್ತಿ ಖಚಿತ ಮಾಡಿದವರು 118. ಮೊದಲು ಮನಸ್ಸಿಗೆ ಸ್ವಲ್ಪ ಪಿಚ್ಚೆನಿಸಿತು. ಆದರೆ ಹೆಸರುಗಳನ್ನು ಒಂದೊಂದಾಗಿ ಓದಿದಾಗ ಎಲ್ಲರೂ ಎರಡು ಮೂರು ಸಲ ತರಿಸಿದವರೇ.

ಮೊದಲ ಪತ್ರದ ಕರಡು ಇಲ್ಲಿದೆ, ನೋಡಿ ಹೇಳಿ.

ವಿಷಯ: ನಮ್ಮ ಕುಟುಂಬದ ಮೊದಲ ಸುದ್ದಿಪತ್ರಕ್ಕೆ ತಮಗೆಲ್ಲರಿಗೂ ಆದರದ ಸ್ವಾಗತ

ಆತ್ಮೀಯ ಗ್ರಾಹಕರೇ, ತಮ್ಮ ಸಹಕಾರದಿಂದ ನಮ್ಮ ಗೃಹ ಉದ್ಯಮವು ಆರು ವರ್ಷಗಳನ್ನು ಯಶಸ್ವಿಯಾಗಿ ಪೂರೈಸಿದೆ ಎಂದು ತಿಳಿಸಲು ಹರ್ಷಿಸುತ್ತೇವೆ. ಗುಣಮಟ್ಟವೇ ನಮ್ಮ ಧ್ಯೇಯ. ಈ ಸಲ ಮಿಡಿ ತಡವಾಗಿದೆ. ಹೊಳೆ ಬದಿಯ ಮರಗಳಲ್ಲಿ ಹೂವು ಬಿಟ್ಟಾಗ ಮೋಡ ಕಟ್ಟಿ ಅರ್ಧ ಹೂವು ಕರಗಿಹೋಯಿತು. ಮರ ಹತ್ತಿ ತೊಟ್ಟು ಸಮೇತ ಕೊಯ್ದು ಚೀಲದಲ್ಲಿ ಇಳಿಸಿದ ಮಿಡಿಯನ್ನು ಮಾತ್ರ ತೆಗೆದುಕೊಂಡಿದ್ದೇವೆ. ನೆಲಕ್ಕೆ ಬಿದ್ದು ಪೆಟ್ಟಾದ ಮಿಡಿ ಭರಣಿಯಲ್ಲಿ ಮೆತ್ತಗಾಗುತ್ತದೆ, ಅದನ್ನು ಅತ್ತೆ ಮುಟ್ಟುವುದಿಲ್ಲ. ಈಗ ಮಿಡಿ ಉಪ್ಪಿನಲ್ಲಿದೆ, ನೀರು ಬಿಟ್ಟು ಮುರುಟುತ್ತಿದೆ. ಸೊನೆಯ ಪರಿಮಳ ಮನೆ ತುಂಬಾ ಇದೆ. ಖಾರ ಅರೆದು ಹಾಕುವುದು ಇನ್ನು ಮೇಲೆ. ನಮ್ಮ ಉತ್ಪನ್ನಗಳ ಪೂರ್ಣ ಪಟ್ಟಿ, ದರ, ಹಪ್ಪಳದ ಚಿತ್ರ, ಮುರುಗಲು ಸಿಪ್ಪೆಯ ಉಪಯೋಗಗಳು ಕೆಳಗಿನ ಎಂಟು ಲಿಂಕ್‌ಗಳಲ್ಲಿವೆ.

ಕಾಫಿಪುಡಿ ಮಿಲ್:

ಮೇಡಂ, "ಈ ಸಲ ಮಿಡಿ ತಡವಾಗಿದೆ" ಅನ್ನುವಲ್ಲಿಂದ ನಿಮ್ಮ ಪತ್ರ ಶುರು. ಅದರ ಹಿಂದಿನದು ಯಾರು ಬೇಕಾದರೂ ಬರೆಯಬಹುದಾದ್ದು, ತೆಗೆದುಬಿಡಿ. ಅತ್ತೆ ಮುಟ್ಟುವುದಿಲ್ಲ ಅಂದಿರಲ್ಲ, ಆ ಒಂದು ಸಾಲಿನ ಮುಂದೆ ಗುಣಮಟ್ಟವೇ ಧ್ಯೇಯ ಅನ್ನುವ ಮಾತು ಬೇಕೇ ಇಲ್ಲ.

ವಿಷಯದ ಸಾಲು ಫೋನಿನಲ್ಲಿ ಅರ್ಧಕ್ಕೇ ತುಂಡಾಗುತ್ತದೆ. ಈಗ ಕಾಣುವುದು "ನಮ್ಮ ಕುಟುಂಬದ ಮೊದಲ" ಅಷ್ಟೇ. "ಮಿಡಿ ಉಪ್ಪಿಗೆ ಬಿತ್ತು" ಅಂತ ಹಾಕಿ, ಸಾಕು. ಎಂಟು ಲಿಂಕ್ ಬೇಡ, ಮಿಡಿ ಆರ್ಡರ್ ಮಾಡುವುದೊಂದೇ ಇರಲಿ. ಹಪ್ಪಳಕ್ಕೆ ಮುಂದಿನ ಪತ್ರ ಇದೆ. ಆದರೆ ಬೆಲೆ ಪತ್ರದಲ್ಲೇ ಬರೆಯಿರಿ. ಅರ್ಧ ಕೆಜಿಗೆ ಎಷ್ಟು, ಪಾರ್ಸೆಲ್ ಖರ್ಚು ಎಷ್ಟು, ಯಾವ ವಾರ ಕಳಿಸುತ್ತೀರಿ. ಬೆಲೆ ಮುಚ್ಚಿಟ್ಟರೆ ಜನ ಹಿಂಜರಿಯುತ್ತಾರೆ.

ಕೊನೆಗೆ ಒಂದು ಪ್ರಶ್ನೆ ಕೇಳಿ. "ನಿಮಗೆ ಜೀರಿಗೆ ಪರಿಮಳದ ಮಿಡಿ ಇಷ್ಟವೋ, ಕರ್ಪೂರದ್ದೋ?" ಅಂತ. ಉತ್ತರ ಬರೆದವರಿಗೆ ನಿಮ್ಮ ಮುಂದಿನ ಪತ್ರ ಜಿಮೇಲ್‌ನ ಪ್ರಚಾರದ ಪೆಟ್ಟಿಗೆಗೆ (ಪ್ರಮೋಷನ್ಸ್) ಬೀಳುವುದು ಕಡಿಮೆ. ಅದಿರಲಿ, ಯಾವ ಭರಣಿಗೆ ಎಷ್ಟು ಮಿಡಿ ಅಂತ ನಿಮಗೂ ಅಂದಾಜು ಸಿಗುತ್ತದೆ.

ಮಿಡಿಭರಣಿ:

ನೀವು ಹೇಳಿದ ಹಾಗೆ ಕಡಿದೆ. ಬುಧವಾರ ಸಂಜೆ ಕಳಿಸಿದೆ.

ನಾಲ್ಕು ದಿನದಲ್ಲಿ 23 ಜನ ಉತ್ತರ ಬರೆದರು, 31 ಆರ್ಡರ್ ಬಂದವು. ಇಬ್ಬರು ಪಟ್ಟಿಯಿಂದ ಹೊರಗೆ ಹೋದರು. ಉತ್ತರಗಳನ್ನು ರಾತ್ರಿ ಊಟ ಆದ ಮೇಲೆ ಅತ್ತೆಗೆ ಓದಿ ಹೇಳಿದೆ. ಧಾರವಾಡದ ಒಬ್ಬರು ಹಿರಿಯರು, ತಮ್ಮ ತಾಯಿ ಅನಂತಭಟ್ಟನ ಅಪ್ಪೆ ಎಂಬ ತಳಿಯ ಮಿಡಿಯನ್ನೇ ಹಾಕುತ್ತಿದ್ದರು, ನಲವತ್ತು ವರ್ಷದಿಂದ ಆ ರುಚಿ ಸಿಕ್ಕಿಲ್ಲ, ನಿಮ್ಮ ಕಡೆ ಆ ಮರ ಇದೆಯಾ ಅಂತ ಕೇಳಿದ್ದಾರೆ. ಅತ್ತೆ ಅದನ್ನು ಎರಡು ಸಲ ಓದಿಸಿದರು. ಹೊಳೆಯಾಚೆ ಒಂದು ಮನೆಯಲ್ಲಿ ಇದೆಯಂತೆ, ಬರುವ ವರ್ಷ ಅವರಿಗಾಗಿ ಒಂದು ಭರಣಿ ಬೇರೆಯೇ ಹಾಕೋಣ ಅಂದರು.

ಒಂದು ಗೊಂದಲ. ಎಷ್ಟು ಜನ ತೆರೆದರು ಅನ್ನುವ ಕಡೆ ಶೇ. 70ಕ್ಕಿಂತ ಹೆಚ್ಚು ತೋರಿಸುತ್ತಿದೆ. ನಂಬಬಹುದಾ?

ತಂತಿಕಂಬ:

ಆ ಅಂಕಿಗೆ ಹಿಗ್ಗಬೇಡಿ, ಅದು ಇಳಿದರೆ ಕುಗ್ಗಲೂಬೇಡಿ. ಪತ್ರದಲ್ಲಿ ಕಣ್ಣಿಗೆ ಕಾಣದ ಒಂದು ಚುಕ್ಕೆ ಚಿತ್ರ ಇರುತ್ತದೆ, ಅದು ಲೋಡ್ ಆದರೆ "ತೆರೆದರು" ಎಂದು ಲೆಕ್ಕ. 2021ರಿಂದ ಆಪಲ್‌ನ ಮೇಲ್ ಆ್ಯಪ್, ಗೌಪ್ಯತೆಯ ಆಯ್ಕೆ ಒಪ್ಪಿಕೊಂಡವರ ಫೋನಿನಲ್ಲಿ, ಅವರು ಓದಲಿ ಬಿಡಲಿ ಚಿತ್ರಗಳನ್ನು ತಾನೇ ಮೊದಲು ಇಳಿಸಿಕೊಳ್ಳುತ್ತದೆ. ಐಫೋನ್ ಗಿರಾಕಿಗಳು ಜಾಸ್ತಿ ಇದ್ದಷ್ಟೂ ಅಂಕಿ ಉಬ್ಬುತ್ತದೆ. ನೀವು ಬರೆದಿಡಬೇಕಾದ್ದು ಮೂರು: ಉತ್ತರ ಎಷ್ಟು, ಆರ್ಡರ್ ಎಷ್ಟು, ಹೊರಗೆ ಹೋದವರು ಎಷ್ಟು. 118 ಜನರಲ್ಲಿ 23 ಉತ್ತರ ಅಂದರೆ ತುಂಬಾ ದೊಡ್ಡದು.

ತಿಂಗಳಿಗೊಮ್ಮೆ ಪಟ್ಟಿಯನ್ನು ಇಳಿಸಿ ಬೇರೆ ಕಡೆ ಒಂದು ಪ್ರತಿ ಇಟ್ಟುಕೊಳ್ಳುವುದು ಮರೆಯಬೇಡಿ. ನೀವು ಇದಕ್ಕೆ ಕೈ ಹಾಕಿದ್ದೇ ಅದಕ್ಕಾಗಿ.

ಇಳಕಲ್ ಮಗ್ಗ:

ಅಕ್ಕಾರ, ಅವತ್ತು ಬ್ಯಾಡ ಅಂದಾಂವ ನಾನ. ಎಲ್ಲಾ ಓದಿದ ಮ್ಯಾಲ ಮನಸು ಬದಲಾತ್ರಿ. ಮುಂದಿನ ತಿಂಗಳ ಬೆಂಗಳೂರಾಗ ಕೈಮಗ್ಗದ ಪ್ರದರ್ಶನ ಐತಿ. ಪ್ರತಿ ಸಲ ಮಂದಿ ಬಂದು ಸೀರಿ ಮುಟ್ಟಿ ನೋಡಿ "ಮುಂದ ತಗೋತೀವಿ" ಅಂತ ಹೋಗ್ತಾರ, ಅವರ್‍ನ ಮತ್ತ ಕಂಡಿಲ್ಲ. ಈ ಸಲ ಟೇಬಲ್ ಮ್ಯಾಲ ಒಂದ್ ನೋಟ್‌ಬುಕ್ ಇಡಬೇಕು ಅಂತ ಮಾಡೇನಿ.

ಬರಿಯಾಕ ನಮ್ಮ ಹತ್ರಾನೂ ಐತ್ರಿ. ಸೆರಗಿನ ರೇಷ್ಮಿ ಎಳಿ, ಮೈಯಾಗಿನ ಹತ್ತಿ ಎಳಿ, ಒಂದೊಂದಕ್ಕ ಕುಣಿಕಿ ಹಾಕಿ ಕೂಡಿಸ್ತೀವಿ. ಅದಕ್ಕ ಕೊಂಡಿ ಅಂತಾರ. ಒಂದ್ ಸೀರಿಗೆ ಸಾವಿರಾರು ಎಳಿ, ನಮ್ಮವ್ವ ಕಣ್ಣು ಮಂಜಾದ್ರೂ ಬೆರಳಿನ ಮ್ಯಾಲ ಮಾಡ್ತಾಳ. ಟೋಪ್ ತೆನಿ ಸೆರಗು ಎಲ್ಲಾರೂ ನೋಡ್ತಾರ, ಕೊಂಡಿ ಯಾರೂ ಕೇಳಂಗಿಲ್ಲ. ಅದನ್ನ ಮೊದಲ ಪತ್ರದಾಗ ಬರೀಬೇಕು ಅಂತ ಆಸೆ ಆಗೇತಿ.

ನೋಟ್‌ಬುಕ್ಕಿನ ಮ್ಯಾಲ ಏನ್ ಬರೆದಿಡ್ಲಿ? ಒಪ್ಪಿಗಿ ತಗೊಂಡಂಗ ಆಗಬೇಕಲ್ರಿ.

ಮಿಡಿಭರಣಿ:

ಅಣ್ಣ, ನೀವು ಇದನ್ನು ಬರೆದದ್ದು ಓದಿ ತುಂಬಾ ಖುಷಿಯಾಯಿತು. ನಾವು ಶಿರಸಿಯ ಸಂತೆಯಲ್ಲಿ ಇಡಲು ಬರೆದುಕೊಂಡ ಸಾಲು ಇಲ್ಲಿದೆ, ಮಿಡಿ ಇದ್ದಲ್ಲಿ ಸೀರೆ ಅಂತ ಹಾಕಿಕೊಳ್ಳಿ:

"ಹೊಸ ಮಿಡಿ, ಹಪ್ಪಳ ತಯಾರಾದಾಗ ಇಮೇಲ್‌ನಲ್ಲಿ ತಿಳಿಸಬೇಕು ಎನ್ನುವವರು ನಿಮ್ಮ ಹೆಸರು, ಇಮೇಲ್ ವಿಳಾಸ ಬರೆಯಿರಿ. ವರ್ಷಕ್ಕೆ ಆರೇಳು ಪತ್ರ. ವಿಳಾಸ ಬೇರೆ ಯಾರಿಗೂ ಕೊಡುವುದಿಲ್ಲ. ಬೇಡ ಅನ್ನಿಸಿದ ದಿನ ಪತ್ರದ ಕೆಳಗಿನ ಲಿಂಕ್ ಒತ್ತಿ, ನಿಲ್ಲಿಸುತ್ತೇವೆ."

ವಿಳಾಸವನ್ನು ದೊಡ್ಡ ಅಕ್ಷರದಲ್ಲಿ ಬರೆಸಿ, ಅವರು ಅಲ್ಲಿರುವಾಗಲೇ ಒಮ್ಮೆ ಓದಿ ಹೇಳಿ. ನಮ್ಮ ಪುಸ್ತಕದಲ್ಲಿ ಒಂಬತ್ತು ವಿಳಾಸ ಓದಲಾಗದೆ ಹೋದವು. ಮನೆಗೆ ಹೋದ ರಾತ್ರಿಯೇ ಖಚಿತ ಮಾಡುವ ಮೇಲ್ ಕಳಿಸಿ, ವಾರ ಬಿಟ್ಟರೆ ಎಲ್ಲಿ ಬರೆದದ್ದು ಅಂತ ಅವರಿಗೇ ನೆನಪಿರುವುದಿಲ್ಲ.

ಪುಸ್ತಕದ ಮೊದಲ ಸಾಲಿನಲ್ಲಿ ನನ್ನ ಹೆಸರು ಬರೆದುಕೊಳ್ಳಿ. ಅವ್ವನ ಕೊಂಡಿಯ ಪತ್ರ ನನಗೂ ಬರಲಿ.